ಮ್ಯೂಸಿಯಂ ಕೆಲಸಕ್ಕೆ ಅನುಭವ ಕೇಳ್ತಾರೆ, ಆ ಅನುಭವ ಎಲ್ಲಿ ಸಿಗುತ್ತದೆ?

ಅರಸೀಕೆರೆ_ಪ್ಯಾಸೆಂಜರ್
ಎಲ್ಲರಿಗೂ ನಮಸ್ಕಾರ. ಪ್ರಾಚೀನ ಇತಿಹಾಸದಲ್ಲಿ ಎಂ.ಎ. ಮುಗಿಸಿ ಒಂದು ವರ್ಷ ಆಯಿತು. ಮ್ಯೂಸಿಯಂನಲ್ಲಿ ಕೆಲಸ ಮಾಡಬೇಕು ಅನ್ನುವ ಆಸೆ. ಟೂರಿಸ್ಟ್ ಗೈಡ್ ಆಗುವ ಆಸೆ ಅಲ್ಲ. ವಸ್ತುಗಳ ಜೊತೆ ಕೆಲಸ: ಸಂಗ್ರಹ, ದಾಖಲೆ, ಪ್ರದರ್ಶನ ಜೋಡಿಸುವುದು. ಇದುವರೆಗೆ ಒಂಬತ್ತು ಕಡೆ ಅರ್ಜಿ ಹಾಕಿದ್ದೇನೆ. ಎಲ್ಲ ಕಡೆ ಒಂದೇ ಸಾಲು, 'ಕನಿಷ್ಠ ಎರಡು ವರ್ಷ ಸಂಗ್ರಹ ನಿರ್ವಹಣೆಯ ಅನುಭವ ಇರಬೇಕು'. ಯಾರೂ ಒಳಗೇ ಬಿಡದಿದ್ದರೆ ಆ ಎರಡು ವರ್ಷವನ್ನು ಎಲ್ಲಿಂದ ತರಲಿ? ಮನೆಯಲ್ಲಿ ಬಿ.ಎಡ್. ಮಾಡು ಅಂತ ಒತ್ತಾಯ. ಅಪ್ಪ ಮೇಷ್ಟ್ರು, ಅವರಿಗೆ ಬೇರೆ ಲೋಕ ಗೊತ್ತಿಲ್ಲ. ಈ ಕ್ಷೇತ್ರದಲ್ಲಿ ಇರುವವರು ದಯವಿಟ್ಟು ದಾರಿ ಹೇಳಿ. ಸುಮ್ನೆ 'ಪ್ರಯತ್ನ ಬಿಡಬೇಡ' ಅಂತ ಮಾತ್ರ ಹೇಳಬೇಡಿ.

ಬಸ್_ಪಾಸ್
ಪ್ರಯತ್ನ ಬಿಡಬೇಡ 😄

ಸಂಬಳ_ಎಲ್ಲಿ
ನಾನು ಮೂರು ವರ್ಷ ಈ ಲೈನಿನಲ್ಲಿ ಇದ್ದು ಹೊರಗೆ ಬಂದವನು. ಹೇಳುವುದು ಒಂದೇ ಮಾತು, ಬಿಟ್ಟಿ ಕೆಲಸಕ್ಕೆ ಒಪ್ಪಬೇಡಿ. ಬೆಂಗಳೂರಿನ ಒಂದು ಖಾಸಗಿ ಸಂಗ್ರಹದಲ್ಲಿ ನನ್ನನ್ನು 'ಇಂಟರ್ನ್' ಅಂತ ತೆಗೆದುಕೊಂಡರು. ತಿಂಗಳಿಗೆ ಐದು ಸಾವಿರ. ನನ್ನ ಪಿ.ಜಿ. ಬಾಡಿಗೆಯೇ ಅದಕ್ಕಿಂತ ಜಾಸ್ತಿ ಇತ್ತು. ಹನ್ನೊಂದು ತಿಂಗಳಲ್ಲಿ ನಾನು ಮುಟ್ಟಿದ ವಸ್ತು ಎಷ್ಟು ಗೊತ್ತಾ? ನಾಲ್ಕು. ಉಳಿದ ದಿನವೆಲ್ಲ ಕಾರ್ಯಕ್ರಮಕ್ಕೆ ಕುರ್ಚಿ ಹಾಕುವುದು, ಅತಿಥಿಗಳಿಗೆ ಟ್ಯಾಕ್ಸಿ ಬುಕ್ ಮಾಡುವುದು. ಕೊನೆಗೆ ಕೊಟ್ಟ ಸರ್ಟಿಫಿಕೇಟಿನಲ್ಲಿ ನನ್ನ ಹೆಸರೂ ತಪ್ಪಾಗಿತ್ತು.

ತಾಳೆಗರಿ
ಸಂಬಳ_ಎಲ್ಲಿ ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಎಲ್ಲ ಕಡೆ ಹಾಗಿಲ್ಲ. ನಾನು ಮೈಸೂರಿನಲ್ಲಿ ತಾಳೆಗರಿ ಹಸ್ತಪ್ರತಿಗಳ ಕೆಲಸ ಕಲಿತವಳು. ಮೊದಲ ಎರಡು ತಿಂಗಳು ಬರೀ ಧೂಳು ಒರೆಸಿದೆ. ಮೆತ್ತನೆ ಬ್ರಷ್ ಹಿಡಿದು ಒಂದೊಂದೇ ಗರಿ. ಬೇಜಾರಾಗಿ ಅತ್ತಿದ್ದೂ ಇದೆ. ಮೂರನೇ ತಿಂಗಳ ಹೊತ್ತಿಗೆ ಗರಿ ಹಿಡಿದ ಕೂಡಲೇ ಅದು ಒಣಗಿದೆಯೋ, ಹುಳ ತಿಂದಿದೆಯೋ, ಅಕ್ಷರಕ್ಕೆ ಮಸಿ ಇಳಿದಿದೆಯೋ ಅಂತ ಬೆರಳಿಗೇ ತಿಳಿಯಲು ಶುರುವಾಯಿತು. ಆಮೇಲೆ ಸಿಟ್ರೊನೆಲ್ಲಾ ಎಣ್ಣೆ ಸವರುವುದು, ಮಸಿ ತುಂಬುವುದು, ಎರಡು ಹಲಗೆ ನಡುವೆ ಇಟ್ಟು ಬಟ್ಟೆ ಕಟ್ಟುವುದು. ಇದನ್ನೆಲ್ಲ ಯಾವ ಎಂ.ಎ. ಹೇಳಿಕೊಡುವುದಿಲ್ಲ.

ಒಂದು ಕಟ್ಟು ತಾಳೆಗರಿ ಎಂದರೆ ಏನು ಅಂತ ಮೈಸೂರಿನವರಿಗೆ ಹೇಳಬೇಕಾಗಿಲ್ಲ. 1905ರಲ್ಲಿ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರ ಸಿಕ್ಕಿದ್ದು ಇದೇ ಊರಿನ ಓರಿಯಂಟಲ್ ಲೈಬ್ರರಿಯ ಗರಿಗಳ ನಡುವೆ. ಯಾರೋ ಆ ಕಟ್ಟನ್ನು ಅಲ್ಲಿಯವರೆಗೆ ಜೋಪಾನ ಮಾಡಿದ್ದಕ್ಕೇ ಅಲ್ವಾ ಅದು ಅವರ ಕೈಗೆ ಬಂದದ್ದು?

ಸಂಬಳ_ಎಲ್ಲಿ
ಸರಿ ಮೇಡಂ. ಆ ಧೂಳು ಒರೆಸಿದ ಎರಡು ತಿಂಗಳ ಬಾಡಿಗೆ ಯಾರು ಕಟ್ಟಿದರು?

ತಾಳೆಗರಿ
ಅಮ್ಮನ ಮನೆ ಮೈಸೂರಿನಲ್ಲೇ. ಹೌದು, ಅದು ನನ್ನ ಅದೃಷ್ಟ. ಒಪ್ಪುತ್ತೇನೆ.

ಸಂಬಳ_ಎಲ್ಲಿ
ಅಷ್ಟೇ ನಾನು ಹೇಳಿದ್ದು.

ನಿವೃತ್ತ_ಕಾವಲುಗಾರ
ಹೆಸರು ನೋಡಿ ಸೆಕ್ಯುರಿಟಿ ಅಂದುಕೊಳ್ಳಬೇಡಿ. ಕ್ಯುರೇಟರ್, ಅಂದರೆ ಮ್ಯೂಸಿಯಂನ ಸಂಗ್ರಹ ನೋಡಿಕೊಳ್ಳುವವನು, ಆಗಿ ನಿವೃತ್ತನಾದವನು, ಕೆಲಸ ಒಂದು ಲೆಕ್ಕದಲ್ಲಿ ಕಾವಲೇ.

ತಂಗಿ, ನಾನು ಸೇರಿದಾಗ ಮೊದಲ ಎಂಟು ತಿಂಗಳು ನಾಣ್ಯ ತೂಗಿದೆ. ಬೆಳಗ್ಗೆಯಿಂದ ಸಂಜೆವರೆಗೆ ಅದೇ. ತೂಕ, ವ್ಯಾಸ, ಲೋಹ, ಮುಂದೆ ಏನಿದೆ, ಹಿಂದೆ ಏನಿದೆ. ವಿಜಯನಗರದ ವರಾಹ ಸುಮಾರು 3.4 ಗ್ರಾಂ. ನೂರು ವರಾಹ ತೂಗಿದ ಮೇಲೆ ನೂರಾ ಒಂದನೆಯದು ಅಂಗೈಗೆ ಬಂದಾಗ 'ಇದರಲ್ಲಿ ಏನೋ ಎಡವಟ್ಟಿದೆ' ಅಂತ ತಕ್ಕಡಿಗಿಂತ ಮೊದಲೇ ಅನ್ನಿಸುತ್ತದೆ. ಸಂದರ್ಶನದಲ್ಲಿ ನಾನು ಅಭ್ಯರ್ಥಿಗಳನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಮೇಜಿನ ಮೇಲೆ ಒಂದು ಹಿತ್ತಾಳೆ ಗಿಂಡಿ ಇಟ್ಟು 'ಇದನ್ನು ಆ ಮೇಜಿಗೆ ಇಡಿ' ಅನ್ನುತ್ತಿದ್ದೆ. ಹತ್ತರಲ್ಲಿ ಎಂಟು ಜನ ಕತ್ತು ಹಿಡಿದು ಎತ್ತುತ್ತಿದ್ದರು. ಗಿಂಡಿಯ ಕತ್ತು ಬೆಸುಗೆ ಹಾಕಿದ್ದು. ಒಂದು ಕೈ ಬುಡಕ್ಕೆ, ಒಂದು ಕೈ ಮೈಗೆ. ಎತ್ತುವ ಮೊದಲು ಇಡುವ ಜಾಗ ಖಾಲಿ ಮಾಡಿಕೊಳ್ಳಬೇಕು. ಇದು ಗೊತ್ತಿದ್ದವರಿಗೆ ಅರ್ಧ ಅಂಕ ಅಲ್ಲೇ ಸಿಕ್ಕಿಬಿಡುತ್ತಿತ್ತು.

ಆ ಎರಡು ವರ್ಷ ಅನ್ನುವುದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ. ಅವರು ಕೇಳುತ್ತಿರುವುದು 'ನಿನ್ನ ಕೈಗೆ ವಸ್ತು ಕೊಟ್ಟರೆ ಒಡೆಯುತ್ತೀಯಾ?' ಅಂತ.

ಕುಡ್ಲದ_ಗಾಳಿ
ಒಳ್ಳೆ ಮಾತು ಮಾರಾಯ್ರೆ. ಗ್ಲೌಸ್ ವಿಷಯ ಹೇಳಲಿಲ್ಲ ನೀವು. ಗಿಂಡಿಗೆ ಗ್ಲೌಸ್ ಬೇಡವಾ?

ನಿವೃತ್ತ_ಕಾವಲುಗಾರ
ಲೋಹಕ್ಕೆ ಬೇಕು, ನೈಟ್ರೈಲ್ ಗ್ಲೌಸ್. ಬೆವರಿನ ಉಪ್ಪು ಹಿತ್ತಾಳೆಯ ಮೇಲೆ ಬೆರಳಚ್ಚು ಮೂಡಿಸುತ್ತದೆ, ಆಮೇಲೆ ಅದು ಹೋಗುವುದಿಲ್ಲ. ನಮ್ಮ ಕಾಲದಲ್ಲಿ ಬಿಳಿ ಹತ್ತಿ ಗ್ಲೌಸ್ ಕೊಡುತ್ತಿದ್ದರು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ ಅಷ್ಟೇ, ನಯವಾದ ವಸ್ತು ಜಾರುತ್ತದೆ.

ತಾಳೆಗರಿ
ಕಾಗದಕ್ಕೆ ಮತ್ತು ಗರಿಗೆ ಗ್ಲೌಸ್ ಹಾಕಬೇಡಿ! ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿದ ಕೈ ಸಾಕು. ಗ್ಲೌಸ್ ಹಾಕಿದರೆ ಅಂಚು ತಿಳಿಯುವುದಿಲ್ಲ, ಹರಿಯುತ್ತದೆ. ಟಿ.ವಿ.ಯವರು ಬಂದಾಗಲೆಲ್ಲ 'ಮೇಡಂ ಗ್ಲೌಸ್ ಹಾಕಿಕೊಳ್ಳಿ, ಶಾಟ್ ಚೆನ್ನಾಗಿ ಬರುತ್ತದೆ' ಅಂತ ಜಗಳ.

ಲೆಸ್ಟರ್_ಕನ್ನಡಿಗ
ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮ್ಯೂಸಿಯಂ ಸ್ಟಡೀಸ್ ಓದಿದೆ. ಇಲ್ಲಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ, ಇಲ್ಲೂ ಎಲ್ಲರೂ ಮೊದಲು ವಾಲಂಟಿಯರ್ ಆಗಿಯೇ ಶುರು ಮಾಡುವುದು, ಮನೆಯಲ್ಲಿ ದುಡ್ಡು ಇದ್ದವರ ಮಕ್ಕಳೇ ಜಾಸ್ತಿ ಉಳಿಯುವುದು. ಅದರ ಬಗ್ಗೆ ಇಲ್ಲೂ ದೊಡ್ಡ ಜಗಳ ನಡೆಯುತ್ತಲೇ ಇದೆ.

ಆದರೆ ಒಂದು ಉಪಯೋಗದ ವಿಷಯ. ಇಲ್ಲಿನ ಮ್ಯೂಸಿಯಂಗಳು ಪಾಲಿಸುವ ದಾಖಲಾತಿ ಮಾನದಂಡಕ್ಕೆ 'ಸ್ಪೆಕ್ಟ್ರಮ್' ಅಂತ ಹೆಸರು. ಇಂಟರ್‌ನೆಟ್‌ನಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಅದರಲ್ಲಿ ಒಂಬತ್ತು ಮುಖ್ಯ ಕ್ರಮಗಳಿವೆ: ವಸ್ತು ಒಳಬರುವುದು, ಸೇರ್ಪಡೆ, ಇರುವ ಜಾಗದ ಲೆಕ್ಕ, ಪಟ್ಟಿ, ಹೊರಹೋಗುವುದು, ಎರವಲು ಕೊಡುವುದು, ತರುವುದು, ಹೀಗೆ. ಅದನ್ನು ಓದಿ ಅರ್ಥ ಮಾಡಿಕೊಂಡರೆ ಸಂದರ್ಶನದಲ್ಲಿ ಮಾತಾಡುವ ಭಾಷೆ ಬರುತ್ತದೆ. ಇಕ್ರೋಮ್ ಅನ್ನುವ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆಯವರ 'ರಿ-ಆರ್ಗ್' ಅಂತ ಇನ್ನೊಂದು ಇದೆ. ಅಸ್ತವ್ಯಸ್ತವಾದ ಉಗ್ರಾಣವನ್ನು ಸಣ್ಣ ಮ್ಯೂಸಿಯಂಗಳು ತಾವೇ ಹಂತ ಹಂತವಾಗಿ ಸರಿಮಾಡಿಕೊಳ್ಳುವ ವಿಧಾನ. ನಮ್ಮ ಊರಿನ ಎಷ್ಟೋ ಕೋಣೆಗಳಿಗೆ ಹೇಳಿ ಮಾಡಿಸಿದ್ದು.

ಲಂಡನ್‌ನಲ್ಲಿ ನಮ್ಮ ಕಡೆಯಿಂದ ಒಯ್ದ ಮರದ ಗೊಂಬೆ, ಟಿಪ್ಪುವಿನ ಹುಲಿ, ಅದರ ಮುಂದೆ ನಿಂತಾಗಲೆಲ್ಲ ನನಗೆ ಒಂದು ತಮಾಷೆ. ಅಕ್ಕಪಕ್ಕದವರಿಗೆ ಶ್ರೀರಂಗಪಟ್ಟಣ ಅನ್ನುವುದನ್ನು ಹೇಳಲು ಬರುವುದಿಲ್ಲ. ನಾನು ಜೋರಾಗಿ ಹೇಳಿಬಿಡುತ್ತೇನೆ.

ಬಸ್_ಪಾಸ್
ಹುಲಿ ವಾಪಸ್ ತನ್ನಿ ಸಾರ್, ಲಗೇಜ್‌ನಲ್ಲಿ.

ಧಾರವಾಡ_ಪೇಡೆ
ಹುಲಿ ಬಿಡ್ರಿ, ಮೊದಲು ಆ ಹುಡುಗಿಗೆ ದಾರಿ ಹೇಳ್ರಿ. ಕೋರ್ಸ್ ಮಾಡುವ ವಿಚಾರ ಇದೆಯಾ? ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲಿ 1952ರಿಂದ ಮ್ಯೂಸಿಯಾಲಜಿ ವಿಭಾಗ ಇದೆ. ಕಲ್ಕತ್ತಾದಲ್ಲಿ ಇದೆ. ದೆಹಲಿಯ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಈಗ ನೋಯ್ಡಾಕ್ಕೆ ಹೋಗಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಆಗಿದೆ. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದವರೇ ಪಿ.ಜಿ. ಡಿಪ್ಲೊಮಾ ನಡೆಸುತ್ತಾರೆ, ಅಲ್ಲಿ ಓದುವುದೇ ಮ್ಯೂಸಿಯಂ ಒಳಗೆ.

ಅರಸೀಕೆರೆ_ಪ್ಯಾಸೆಂಜರ್
ಮುಂಬೈಗೆ ಹೋಗಲು ಮನೆಯಲ್ಲಿ ಈಗ ಒಪ್ಪುವುದಿಲ್ಲ. ದುಡ್ಡೂ ಇಲ್ಲ. ಬೆಂಗಳೂರು, ಮೈಸೂರು, ಹಾಸನದ ಸುತ್ತ ಏನಾದರೂ?

ಶಾಸನದ_ಹುಚ್ಚ
ಬೆಂಗಳೂರಿನಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯ ಇದೆಯಲ್ಲ, 1877ರದ್ದು. ಹಲ್ಮಿಡಿ ಶಾಸನ ಇರುವುದು ಅಲ್ಲೇ. ಅದನ್ನು ನೋಡಿಯೇ ನನಗೆ ಈ ಹುಚ್ಚು ಹಿಡಿದದ್ದು.

ನಿವೃತ್ತ_ಕಾವಲುಗಾರ
ಎರಡು ತಪ್ಪು. ಸಂಗ್ರಹಾಲಯ ಶುರುವಾದದ್ದು 1865ರಲ್ಲಿ, ಹಿಂದೆ ಇದ್ದವನು ಡಾಕ್ಟರ್ ಎಡ್ವರ್ಡ್ ಬಾಲ್ಫೋರ್. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ 1877ರದ್ದು, ಅದು ಎಂಜಿನಿಯರ್ ಸ್ಯಾಂಕಿಯ ವಿನ್ಯಾಸ. ಇನ್ನು ಹಲ್ಮಿಡಿಯ ಮೂಲ ಕಲ್ಲು ಇರುವುದು ಮೈಸೂರಿನಲ್ಲಿ, ಪುರಾತತ್ವ ಇಲಾಖೆಯ ಹತ್ತಿರ. ನೀವು ಬೆಂಗಳೂರಿನಲ್ಲಿ ನೋಡಿ ಹುಚ್ಚು ಹಿಡಿಸಿಕೊಂಡದ್ದು ಬಹುಶಃ ಆತಕೂರು ಶಾಸನ.

ಶಾಸನದ_ಹುಚ್ಚ
ಅಯ್ಯೋ ಹೌದು! ನಾಯಿ ಇರುವುದು! ಹತ್ತು ವರ್ಷದಿಂದ ಎಲ್ಲರಿಗೂ ತಪ್ಪು ಹೇಳಿಕೊಂಡು ಬಂದಿದ್ದೇನೆ.

ಕುಡ್ಲದ_ಗಾಳಿ
ನಾಯಿಯಾ? ಏನು ಕತೆ?

ಶಾಸನದ_ಹುಚ್ಚ
10ನೇ ಶತಮಾನ. ತಕ್ಕೋಲದ ಯುದ್ಧ ಗೆದ್ದ ಮೇಲೆ ಅರಸ 'ನಿನಗೇನು ಬೇಕು ಕೇಳು' ಅಂದರೆ ಮಣಲೇರ ಅನ್ನುವ ವೀರ ಊರು ಕೇಳಲಿಲ್ಲ, ಚಿನ್ನ ಕೇಳಲಿಲ್ಲ. ಕಾಳಿ ಅನ್ನುವ ನಾಯಿ ಕೇಳಿದ. ಆ ನಾಯಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆತಕೂರು ಇರುವುದು ಮದ್ದೂರು ತಾಲೂಕಿನಲ್ಲಿ. ಕಲ್ಲಿನ ಮೇಲೆ ನಾಯಿ-ಹಂದಿ ಕಾದಾಟದ ಚಿತ್ರವೂ ಇದೆ.

ಬಸ್_ಪಾಸ್
ಈ ಚರ್ಚೆಯಲ್ಲಿ ನಾಯಿಗೆ ಸಿಕ್ಕಷ್ಟು ಮರ್ಯಾದೆ ಇಂಟರ್ನ್‌ಗೆ ಸಿಕ್ಕಿಲ್ಲ.

ಸಂಬಳ_ಎಲ್ಲಿ
👆 ವರ್ಷದ ಕಾಮೆಂಟು.

ಪ್ರದರ್ಶನ_ಪ್ರಿಯೆ
ಮೂಲ ಪ್ರಶ್ನೆಗೆ ಬರೋಣ. ಬೆಂಗಳೂರಿನ ಮಟ್ಟಿಗೆ ನನಗೆ ಗೊತ್ತಿದ್ದದ್ದು ಹೇಳುತ್ತೇನೆ.

ಹೆಬ್ಬಾಳದ ಕಡೆಯ ಸೈನ್ಸ್ ಗ್ಯಾಲರಿಯವರು ಪ್ರತಿ ಪ್ರದರ್ಶನಕ್ಕೆ 'ಮೀಡಿಯೇಟರ್' ಅಂತ ಯುವಜನರನ್ನು ತೆಗೆದುಕೊಳ್ಳುತ್ತಾರೆ. ಪ್ರದರ್ಶನದ ಪಕ್ಕ ನಿಂತು ಬಂದವರ ಜೊತೆ ಮಾತಾಡುವ ಕೆಲಸ. ಕಸ್ತೂರಬಾ ರಸ್ತೆಯ ಮ್ಯಾಪ್ ಅನ್ನುವ ಕಲಾ ಮ್ಯೂಸಿಯಂ, ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್, ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನ ಆರ್ಕೈವ್ಸ್, ಇವರ ಜಾಲತಾಣಗಳನ್ನು ತಿಂಗಳಿಗೊಮ್ಮೆ ನೋಡುತ್ತಿರಿ. ಎನ್‌ಸಿಬಿಎಸ್‌ನವರದ್ದು ವಿಜ್ಞಾನಿಗಳ ಪತ್ರ, ಲ್ಯಾಬ್ ನೋಟ್‌ಬುಕ್, ಫೋಟೋಗಳ ಸಂಗ್ರಹ. ಇತಿಹಾಸ ಓದಿದವರಿಗೆ ಕಾಗದ ವಿಂಗಡಿಸುವ ಕೆಲಸ ಕಲಿಯಲು ಚೆನ್ನಾಗಿದೆ. ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುವ ಯೋಜನೆ ನಡೆಸಿದ್ದಾರೆ. ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ.

ಆದರೆ ಒಂದು ಮಾತು. ಪ್ರದರ್ಶನದ ಪಕ್ಕ ನಿಲ್ಲುವ ಕೆಲಸವನ್ನು ಕೀಳಾಗಿ ನೋಡಬೇಡಿ. ನಾನು ಆರು ತಿಂಗಳು ನಿಂತಿದ್ದೆ. ಜನ ಯಾವ ಫಲಕ ಓದುತ್ತಾರೆ, ಯಾವುದರ ಮುಂದೆ ಮೂರು ಸೆಕೆಂಡಿಗೆ ಸರಿದು ಹೋಗುತ್ತಾರೆ ಅಂತ ಅಲ್ಲಿ ನಿಂತವರಿಗೆ ಮಾತ್ರ ಗೊತ್ತಾಗುತ್ತದೆ. ಈಗ ಫಲಕ ಬರೆಯುವುದೇ ನನ್ನ ಕೆಲಸ.

ಧಾರವಾಡ_ಪೇಡೆ
ಫಲಕದ ಮಾತು ಬಂತು ಅಂದರೆ ನನಗೆ ಬಿ.ಪಿ. ಏರುತ್ತದೆ. ನಮ್ಮ ಕಡೆ ಎಷ್ಟೋ ಕಡೆ 'ಶಿಲ್ಪ. ಕಲ್ಲು. 12ನೇ ಶ.' ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ಕಲ್ಲು ಅಂತ ನನಗೂ ಕಾಣಿಸುತ್ತದೆ ರೀ!

ಪ್ರದರ್ಶನ_ಪ್ರಿಯೆ
😂 ಅದೇ. ವೀರಗಲ್ಲಿನ ಉದಾಹರಣೆ ತೆಗೆದುಕೊಳ್ಳಿ. ನಮ್ಮ ಜನ ಪುಸ್ತಕ ಓದಿದಂತೆ ಮೇಲಿನಿಂದ ಕೆಳಗೆ ನೋಡುತ್ತಾರೆ, ಕತೆ ತಲೆಕೆಳಗಾಗುತ್ತದೆ. ಅದನ್ನು ಓದಬೇಕಾದ್ದು ಕೆಳಗಿನಿಂದ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರುವುದು. ನಾನು ಫಲಕದ ಮೊದಲ ಸಾಲೇ ಹೀಗೆ ಬರೆದೆ: 'ಈ ಕಲ್ಲನ್ನು ಕೆಳಗಿನಿಂದ ಓದಿ.' ಅಷ್ಟಕ್ಕೇ ಜನ ಬಗ್ಗಿ ನೋಡಲು ಶುರು ಮಾಡಿದರು. ಮಕ್ಕಳು ನೆಲದ ಮೇಲೆ ಕೂತೇ ಬಿಟ್ಟರು.

ಅರಸೀಕೆರೆಯವರೇ, ನಿಮ್ಮೂರಿನ ಯಾವುದಾದರೂ ಐದು ವಸ್ತುಗಳಿಗೆ ಐವತ್ತೈವತ್ತು ಪದದಲ್ಲಿ ಕನ್ನಡ ಫಲಕ ಬರೆದು ಇಟ್ಟುಕೊಳ್ಳಿ. ಅರ್ಜಿ ಜೊತೆ ಕಳಿಸಿ. ನಮ್ಮಲ್ಲಿ ಬರುವ ಅರ್ಜಿಗಳಲ್ಲಿ ಒಳ್ಳೆ ಕನ್ನಡ ಫಲಕ ಬರೆಯುವವರೇ ಸಿಗುವುದಿಲ್ಲ. ಎಲ್ಲ ಇಂಗ್ಲಿಷ್‌ನಲ್ಲಿ ಬರೆದು ಆಮೇಲೆ ಮಷೀನಿನಲ್ಲಿ ಹಾಕುತ್ತಾರೆ.

ಉಳಿ_ಬಾಚಿ
ನಾನು ಬಡಗಿ. ಹದಿನೈದು ವರ್ಷದಿಂದ ಪ್ರದರ್ಶನದ ಪೆಟ್ಟಿಗೆ, ಸ್ಟ್ಯಾಂಡ್ ಮಾಡುತ್ತೇನೆ. ನಾನು ಓದಿದ್ದು ಎಸ್‌ಎಸ್‌ಎಲ್‌ಸಿ. ಇಲ್ಲಿ ಬರೆಯಬಹುದಾ?

ನಿವೃತ್ತ_ಕಾವಲುಗಾರ
ನೀವು ಬರೆಯದಿದ್ದರೆ ಇನ್ಯಾರು ಬರೆಯಬೇಕು ಸ್ವಾಮಿ. ಬರೆಯಿರಿ.

ಉಳಿ_ಬಾಚಿ
ಶುರುವಿನಲ್ಲಿ ಒಂದು ತಪ್ಪು ಮಾಡಿದ್ದೆ, ಅದನ್ನೇ ಹೇಳುತ್ತೇನೆ. ಒಂದು ಕಡೆ ಬೆಳ್ಳಿ ನಾಣ್ಯ ಇಡಲು ಗಾಜಿನ ಪೆಟ್ಟಿಗೆ ಬೇಕಿತ್ತು. ಚೆನ್ನಾಗಿ ಕಾಣಲಿ ಅಂತ ಒಳಗೆ ಹಸಿರು ಉಣ್ಣೆ ಬಟ್ಟೆ ಅಂಟಿಸಿದೆ. ಎಲ್ಲರೂ ಹೊಗಳಿದರು. ಒಂದು ವರ್ಷ ಬಿಟ್ಟು ಹೋಗಿ ನೋಡಿದರೆ ನಾಣ್ಯವೆಲ್ಲ ಕಪ್ಪು. ಯಾರೋ ಕದ್ದು ಬೇರೆ ಇಟ್ಟಿದ್ದಾರೆ ಅಂತ ಗಲಾಟೆಯೇ ಆಯಿತು. ಆಮೇಲೆ ಒಬ್ಬ ಮೇಡಂ ಬಂದು ಹೇಳಿದರು, ಉಣ್ಣೆಯಲ್ಲಿ ಗಂಧಕ ಇರುತ್ತದೆ, ಅದಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಹೊಸ ಪ್ಲೈವುಡ್ಡಿನಿಂದಲೂ ಹುಳಿ ಆವಿ ಬರುತ್ತದೆ, ಸೀಸದ ವಸ್ತುಗಳಿಗೆ ಬೂಷ್ಟು ಹಿಡಿದಂತೆ ಬಿಳಿ ಪುಡಿ ಬರುವುದು ಅದಕ್ಕೇ ಅಂತೆ. ಬಣ್ಣ ಬಳಿದ ಪೆಟ್ಟಿಗೆಯನ್ನು ವಾರಗಟ್ಟಲೆ ಆರಲು ಬಿಡಬೇಕು. ಆದರೆ ಉದ್ಘಾಟನೆ ನಾಳೆ ಅಂದರೆ ಇವತ್ತು ರಾತ್ರಿ ಬಣ್ಣ ಬಳಿಯುತ್ತಾರೆ ನಮ್ಮಲ್ಲಿ. ಮಂತ್ರಿಗಳು ಬರುತ್ತಾರಲ್ಲ.

ಪ್ರದರ್ಶನ ಕಲಿಯಬೇಕು ಅನ್ನುವವರು ಒಂದು ಪ್ರದರ್ಶನ ಕಟ್ಟುವ ಕೊನೆಯ ಹತ್ತು ದಿನ ಬಂದು ನಮ್ಮ ಜೊತೆ ನಿಂತುಕೊಳ್ಳಲಿ. ಚಿತ್ರವನ್ನು ಎಷ್ಟು ಎತ್ತರಕ್ಕೆ ನೇತು ಹಾಕಬೇಕು ಅಂತ ಎಲ್ಲರೂ ಜಗಳ ಆಡುತ್ತಾರೆ. ನಾನು ನಡುಭಾಗ ನೆಲದಿಂದ ಒಂದೂವರೆ ಮೀಟರಿಗೆ ಬರುವಂತೆ ಗೀಟು ಹಾಕಿಬಿಡುತ್ತೇನೆ, ಜಗಳ ಮುಗಿಯಿತು.

ಪ್ರದರ್ಶನ_ಪ್ರಿಯೆ
ಮಕ್ಕಳು ಜಾಸ್ತಿ ಬರುವ ಕಡೆ ಅದನ್ನು ಇಳಿಸಬೇಕು ಅಣ್ಣಾ. ಗಾಲಿಕುರ್ಚಿಯಲ್ಲಿ ಬರುವವರಿಗೂ.

ಉಳಿ_ಬಾಚಿ
ಸರಿ ಮೇಡಂ, ಆದರೆ ಗೀಟು ಹಾಕುವ ಮುಂಚೆ ಹೇಳಿ. ಮೊಳೆ ಹೊಡೆದ ಮೇಲೆ ಅಲ್ಲ.

ಕುಡ್ಲದ_ಗಾಳಿ
ತಪ್ಪಿನ ಕತೆ ಅಂದರೆ ನನ್ನದೂ ಕೇಳಿ. ನಮ್ಮ ಕಡೆ ಒಬ್ಬರ ಮನೆಯ ಖಾಸಗಿ ಸಂಗ್ರಹ. ಪಟ್ಟಿ ಮಾಡಿಕೊಡಲು ಹೋಗಿದ್ದೆ. ಹಳೆ ಕಂಚಿನ ದೀಪಗಳು, ಅದರ ಮೇಲೆ ಎಷ್ಟೋ ಕಾಲದ ಬಣ್ಣ ಕೂತಿತ್ತು, ಹಳೆಯದು ಅನ್ನುವುದಕ್ಕೆ ಅದೇ ಗುರುತು. ನಾನು ಬರುತ್ತೇನೆ ಅಂತ ಮನೆಯವರು ಹಿಂದಿನ ದಿನ ಅಷ್ಟನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದಿದ್ದರು! ದೀಪಾವಳಿಗೆ ತೊಳೆದ ಹಾಗೆ ಫಳಫಳ. 'ನೋಡಿ, ಎಷ್ಟು ಚೆಂದ ಆಯ್ತು' ಅಂತ ಅಮ್ಮ ಕಾಫಿ ಕೊಟ್ಟರು. ನಾನು ಏನು ಹೇಳಲಿ? ಕಾಫಿ ಕುಡಿದೆ.

ತಾಳೆಗರಿ
ಅಯ್ಯೋ ದೇವರೇ.

ಕುಡ್ಲದ_ಗಾಳಿ
ಅದೇ ಮನೆಯಲ್ಲಿ ಇನ್ನೊಂದು. ಮರದ ಹಲಗೆ, ಎರಡು ಸಾಲು ಕುಳಿ, ಸಾಲಿಗೆ ಏಳು. ನನಗಿಂತ ಮೊದಲು ಬೆಂಗಳೂರಿನಿಂದ ಬಂದ ಹುಡುಗ ಅದನ್ನು 'ಮಸಾಲೆ ತಟ್ಟೆ' ಅಂತ ಬರೆದುಕೊಂಡು ಹೋಗಿದ್ದ. ಚೆನ್ನೆಮಣೆ ಮಾರಾಯ್ರೆ ಅದು! ಆಟಿ ತಿಂಗಳಲ್ಲಿ ಮಳೆ ಹೊಯ್ಯುವಾಗ ಅಜ್ಜಿ ಜೊತೆ ಆಡದವರು ಯಾರಿದ್ದಾರೆ?

ಧಾರವಾಡ_ಪೇಡೆ
ಅದು ಅಳಗುಳಿಮಣೆ ಅಲ್ಲೇನ್ರಿ?

ಕುಡ್ಲದ_ಗಾಳಿ
ನಿಮಗೆ ಅಳಗುಳಿಮಣೆ, ನಮಗೆ ಚೆನ್ನೆಮಣೆ. ಎರಡನ್ನೂ ಬರೆಯಬೇಕು.

ಬಸ್_ಪಾಸ್
ಮಸಾಲೆ ತಟ್ಟೆ 😂😂 ಹದಿನಾಲ್ಕು ಮಸಾಲೆ ಯಾವ ಮನೆಯಲ್ಲಿ ಹಾಕುತ್ತಾರೆ.

ನಿವೃತ್ತ_ಕಾವಲುಗಾರ
ನಗಬೇಡಿ, ವಿಷಯ ಅಲ್ಲೇ ಇದೆ. ಈಗ ಬರುವ ಹುಡುಗರಿಗೆ ಸಾಫ್ಟ್‌ವೇರ್ ಗೊತ್ತು. ಸಿ-ಡ್ಯಾಕ್‌ನ 'ಜತನ್' ಅನ್ನುವ ಮ್ಯೂಸಿಯಂ ಸಾಫ್ಟ್‌ವೇರಿನಲ್ಲಿ ಪಟಪಟ ನಮೂದು ಮಾಡುತ್ತಾರೆ. ಆದರೆ ಮುಂದೆ ಇರುವ ವಸ್ತುವಿನ ಹೆಸರು ಗೊತ್ತಿಲ್ಲ. ಕೊಳಗ, ಸೇರು, ಪಾವು, ಚಟಾಕು ನಾಲ್ಕನ್ನೂ 'ಅಳತೆ ಪಾತ್ರೆ' ಅಂತ ಬರೆಯುತ್ತಾರೆ. ಮೊರವೂ ಬುಟ್ಟಿ, ಗೂಡೆಯೂ ಬುಟ್ಟಿ, ಕುಕ್ಕೆಯೂ ಬುಟ್ಟಿ. ನಾಳೆ ಯಾರಾದರೂ ಕೊಳಗ ಹುಡುಕಿದರೆ ಅದು ಸಿಗುವುದೇ ಇಲ್ಲ, ಕಪಾಟಿನಲ್ಲಿ ಇದ್ದೂ ಕಳೆದುಹೋದ ಹಾಗೆ. ಹಳ್ಳಿಯ ಮನೆಯಲ್ಲಿ ಬೆಳೆದವರಿಗೆ ಈ ಹೆಸರು ಬಾಯಲ್ಲೇ ಇರುತ್ತದೆ, ಅದೂ ಅನುಭವವೇ ಅಂತ ಅವರಿಗೇ ಗೊತ್ತಿಲ್ಲ. ರಾಮನಗರದ ಜಾನಪದ ಲೋಕ ಕಟ್ಟುವಾಗ ನಾಗೇಗೌಡರು ಊರೂರು ತಿರುಗಿದ್ದು ವಸ್ತುವಿಗೆ ಮಾತ್ರ ಅಲ್ಲ, ಅದರ ಹಿಂದಿನ ಮಾತಿಗೂ. ತಂಗಿ, ರಾಮನಗರ ನಿಮಗೆ ಬೆಂಗಳೂರು ರೈಲಿನ ದಾರಿಯಲ್ಲಿ ಬರುವುದಿಲ್ಲ, ಆದರೂ ಒಂದು ಸಲ ಹೋಗಿ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದ ಜಾನಪದ ವಸ್ತುಸಂಗ್ರಹಾಲಯವನ್ನೂ ತೆರೆದಿದ್ದರೆ ನೋಡಿ. ನೋಡುವಾಗ ಫೋನ್ ಬೇಡ, ನೋಟ್‌ಬುಕ್ ಇರಲಿ.

ಅರಸೀಕೆರೆ_ಪ್ಯಾಸೆಂಜರ್
ಸಾರ್, ನಮ್ಮ ಕಡೆ ಒಂದು ಹಳೆ ಕಾಲೇಜು ಇದೆ. ಅಲ್ಲಿ ಇತಿಹಾಸ ವಿಭಾಗದ ಪಕ್ಕ ಒಂದು ಕೋಣೆಗೆ 'ವಸ್ತು ಸಂಗ್ರಹ' ಅಂತ ಬೋರ್ಡು ಇದೆ. ನಾನು ಓದುವಾಗ ಒಂದು ದಿನವೂ ತೆರೆದದ್ದು ನೋಡಿಲ್ಲ. ಅಂಥ ಕಡೆ ಕೇಳಿದರೆ ಅದು ಅನುಭವ ಅಂತ ಲೆಕ್ಕಕ್ಕೆ ಬರುತ್ತದಾ?

ನಿವೃತ್ತ_ಕಾವಲುಗಾರ
ಬೋರ್ಡು ಇರುವ ಬೀಗ ಹಾಕಿದ ಕೋಣೆ! ನಾನು ಇನ್ನೂ ಮೂವತ್ತು ವರ್ಷ ಚಿಕ್ಕವನಾಗಿದ್ದರೆ ನಾಳೆಯೇ ಬರುತ್ತಿದ್ದೆ. ಪ್ರಿನ್ಸಿಪಾಲರಿಗೆ ಒಂದು ಪುಟದ ಪತ್ರ ಬರೆಯಿರಿ. 'ನೂರು ವಸ್ತುಗಳ ಪಟ್ಟಿ ಮಾಡಿಕೊಡುತ್ತೇನೆ, ಮೂರು ತಿಂಗಳು' ಅಂತ ಅಳತೆ ಹಾಕಿ ಕೇಳಿ. ಯಾವುದನ್ನೂ ತೊಳೆಯುವುದಿಲ್ಲ, ಯಾವುದನ್ನೂ ಹೊರಗೆ ಒಯ್ಯುವುದಿಲ್ಲ ಅಂತ ಪತ್ರದಲ್ಲೇ ಬರೆಯಿರಿ. ಪ್ರತಿ ದಿನ ಅವರ ಸಿಬ್ಬಂದಿ ಒಬ್ಬರು ಜೊತೆಗಿರಲಿ. ಒಂದು ನಾಣ್ಯ ಕಡಿಮೆ ಬಂದರೂ ಬೆರಳು ತೋರಿಸುವುದು ನಿಮ್ಮ ಕಡೆಗೇ.

ಸಂಬಳ_ಎಲ್ಲಿ
ಮತ್ತೆ ಬಿಟ್ಟಿ ಕೆಲಸ! ನೂರು ವಸ್ತು, ಮೂರು ತಿಂಗಳು, ಸೊನ್ನೆ ರೂಪಾಯಿ.

ನಿವೃತ್ತ_ಕಾವಲುಗಾರ
ನಿಮ್ಮ ಮಾತು ತಳ್ಳಿಹಾಕುತ್ತಿಲ್ಲ. ಆದರೆ ವ್ಯತ್ಯಾಸ ನೋಡಿ. ನಿಮ್ಮಿಂದ ಕುರ್ಚಿ ಹಾಕಿಸಿದರು, ನಿಮ್ಮ ಕೈಗೆ ಏನೂ ಉಳಿಯಲಿಲ್ಲ. ಇಲ್ಲಿ ಪಟ್ಟಿಯ ಮೇಲೆ ಆಕೆಯ ಹೆಸರು ಇರುತ್ತದೆ.

ಸಂಬಳ_ಎಲ್ಲಿ
ಹೆಸರಿನಿಂದ ಬಸ್ ಚಾರ್ಜ್ ಕೊಡಲು ಆಗುವುದಿಲ್ಲ ಸಾರ್. ಕನಿಷ್ಠ ಬಸ್ ಖರ್ಚು, ಮಧ್ಯಾಹ್ನದ ಊಟ ಕೇಳಲಿ. ವಾರಕ್ಕೆ ಎರಡೇ ದಿನ ಹೋಗಲಿ, ಉಳಿದ ದಿನ ಟ್ಯೂಷನ್ ಹೇಳಲಿ. ಕೊನೆಯಲ್ಲಿ ಲೆಟರ್‌ಹೆಡ್ ಮೇಲೆ ಏನು ಮಾಡಿದಳು ಅಂತ ವಿವರವಾಗಿ ಬರೆದುಕೊಡಲಿ. ಇದನ್ನೆಲ್ಲ ಶುರುವಿನಲ್ಲೇ ಕೇಳಬೇಕು. ನಾನು ಕೇಳಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಿವೃತ್ತ_ಕಾವಲುಗಾರ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾವು ಯಾರೂ ಆ ಕಾಲದಲ್ಲಿ ಕೇಳುತ್ತಿರಲಿಲ್ಲ.

ಲೆಸ್ಟರ್_ಕನ್ನಡಿಗ
ಶುರು ಮಾಡಿದರೆ ನಂಬರ್ ಹಾಕುವ ಕ್ರಮ ಮೊದಲ ದಿನವೇ ತೀರ್ಮಾನಿಸಿ. ವರ್ಷ, ಚುಕ್ಕಿ, ಕ್ರಮ ಸಂಖ್ಯೆ. ಜೋಡಿ ವಸ್ತುವಾದರೆ ಇನ್ನೊಂದು ಚುಕ್ಕಿ. ಹಳೆ ನಂಬರ್ ಇದ್ದರೆ ಅದನ್ನು ಅಳಿಸಬೇಡಿ, ಹೊಸದರ ಪಕ್ಕ ಬರೆದುಕೊಳ್ಳಿ. ಲೋಹ, ಕಲ್ಲು, ಮಣ್ಣಿನ ವಸ್ತುವಿಗೆ ಮೊದಲು ಪಾರಾಲಾಯ್ಡ್ ಬಿ-72 ಅನ್ನುವ ಪಾರದರ್ಶಕ ರಾಳ ತೆಳುವಾಗಿ ಸವರಿ, ಒಣಗಿದ ಮೇಲೆ ಇಂಕಿನಲ್ಲಿ ಬರೆದು, ಮೇಲೆ ಇನ್ನೊಂದು ಪದರ. ಬೇಕಾದಾಗ ಅಸಿಟೋನ್‌ನಲ್ಲಿ ತೆಗೆಯಬಹುದು. ಬಟ್ಟೆಗೆ ನಂಬರ್ ಬರೆದ ಹತ್ತಿ ಪಟ್ಟಿ ಹೊಲಿಯಬೇಕು. ಕಾಗದಕ್ಕೆ ಮೆತ್ತನೆ ಪೆನ್ಸಿಲ್.

ತಾಳೆಗರಿ
ಬಿ-72 ಕೈಗೆ ತೆಗೆದುಕೊಳ್ಳುವ ಮೊದಲು ಗೊತ್ತಿದ್ದವರ ಹತ್ತಿರ ಒಮ್ಮೆ ಕಲಿಯಿರಿ. ಅಲ್ಲಿಯವರೆಗೆ ದಾರ ಕಟ್ಟಿದ ಚೀಟಿ ಸಾಕು. ಸ್ಟೇಪ್ಲರ್, ಸೆಲ್ಲೊಟೇಪ್, ರಬ್ಬರ್ ಬ್ಯಾಂಡ್ ಮೂರೂ ಕೋಣೆಯೊಳಗೆ ಬರಕೂಡದು. ಮೈಸೂರಿನಲ್ಲಿ ಎನ್‌ಆರ್‌ಎಲ್‌ಸಿಯ, ಅಂದರೆ ಕೇಂದ್ರ ಸರ್ಕಾರದ ಸಂರಕ್ಷಣಾ ಸಂಸ್ಥೆಯ, ಪ್ರಾದೇಶಿಕ ಪ್ರಯೋಗಾಲಯ ಇದೆ, ತರಬೇತಿ ಇದೆಯಾ ಅಂತ ಪತ್ರ ಬರೆದು ಕೇಳಿ.

ನಿರ್ವಾಹಕ
ಸುಮಾರು ಜನ ಖಾಸಗಿ ಸಂದೇಶದಲ್ಲಿ ಸಂಸ್ಥೆಗಳ ಮೇಲಿನ ದೂರು ಕಳಿಸುತ್ತಿದ್ದೀರಿ. ಹೆಸರು ಹಾಕಿ ಬೈಯುವ ಜಾಗ ಇದಲ್ಲ. ಚರ್ಚೆ ತೆರೆದೇ ಇರುತ್ತದೆ.

ಬಸ್_ಪಾಸ್
ನಾಯಿಯ ಹೆಸರು ಹಾಕಬಹುದಾ?

ಅರಸೀಕೆರೆ_ಪ್ಯಾಸೆಂಜರ್ (ಏಳು ವಾರದ ನಂತರ)
ಬದುಕಿದ್ದೇನೆ! ಪತ್ರ ಕೊಟ್ಟೆ. ಮೊದಲ ಸಲ 'ನೋಡೋಣ' ಅಂದರು. ಎರಡನೇ ಸಲ 'ಕೀ ಸಿಗುತ್ತಿಲ್ಲ' ಅಂದರು. ಮೂರನೇ ಸಲ ಅಟೆಂಡರ್ ಅಣ್ಣನೇ ಕೀ ಹುಡುಕಿ ತಂದರು. ಬಸ್ ಖರ್ಚು ಕೊಡುತ್ತಾರೆ (ಸಂಬಳ_ಎಲ್ಲಿ ಅವರಿಗೆ ಥ್ಯಾಂಕ್ಸ್, ಕೇಳಲು ತುಂಬಾ ನಾಚಿಕೆಯಾಯಿತು, ಆದರೂ ಕೇಳಿದೆ). ವಾರಕ್ಕೆ ಎರಡು ದಿನ.

ಒಳಗೆ ಬಾವಲಿ ಇತ್ತು. ಬೆಳ್ಳಿಮೀನು ಹುಳ ಅಂತೂ ಲೆಕ್ಕವಿಲ್ಲದಷ್ಟು. ಆದರೆ ಒಂದು ರಿಜಿಸ್ಟರ್ ಸಿಕ್ಕಿತು! ಹಳೇ ಮೇಷ್ಟ್ರು ಯಾರೋ ಮುದ್ದಾದ ಅಕ್ಷರದಲ್ಲಿ 212 ವಸ್ತು ಬರೆದಿದ್ದಾರೆ. ಇದುವರೆಗೆ ನಾನು 41 ಹೊಂದಿಸಿದ್ದೇನೆ. ಫೋಟೋ, ಅಳತೆ, ಈಗಿನ ಸ್ಥಿತಿ, ಎಲ್ಲಿ ಸೀಳಿದೆ, ಎಲ್ಲಿ ತುಕ್ಕು. ಅಪ್ಪ ಒಂದು ದಿನ ಬಂದು ಬಾಗಿಲಲ್ಲೇ ನಿಂತು ನೋಡಿದರು. ಏನೂ ಹೇಳಲಿಲ್ಲ. ಮಾರನೇ ದಿನ ತಮ್ಮ ಭೂತಗನ್ನಡಿ ಕೊಟ್ಟರು.

ಒಂದು ಸಹಾಯ ಬೇಕು. ರಿಜಿಸ್ಟರ್ ನಂಬರ್ 87. ಬಿದಿರಿನ ಕೊಳವೆ, ಸುಮಾರು ಮೂರಡಿ ಉದ್ದ, ಟೊಳ್ಳು. ಮೇಲ್ತುದಿಯಲ್ಲಿ ಮರದ ಚಿಕ್ಕ ಬಟ್ಟಲು, ಬಟ್ಟಲ ತಳದಲ್ಲಿ ತೂತು. ಕೆಳತುದಿ ಚೂಪು. ನಡುವೆ ಹಗ್ಗ ಕಟ್ಟಿದ ಗುರುತು. ರಿಜಿಸ್ಟರಿನಲ್ಲಿ 'ವಾದ್ಯ' ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಾರೆ. ಊದಿ ನೋಡಿಲ್ಲ, ಆಣೆ.

ಉಳಿ_ಬಾಚಿ
ವಾದ್ಯ ಅಲ್ಲಮ್ಮ! ಸಡ್ಡೆ ಅದು. ಬಿತ್ತುವ ಕೂರಿಗೆ ಹಿಂದೆ ಕಟ್ಟುವುದು. ನಮ್ಮ ತಾತ ರಾಗಿ ಬಿತ್ತುವಾಗ ಹಿಂದೆ ಅಜ್ಜಿ ಸಡ್ಡೆ ಹಿಡಿದು ನಡುನಡುವಿನ ಅಕ್ಕಡಿ ಸಾಲಿಗೆ ಅವರೆ, ತೊಗರಿ ಬಿಡುತ್ತಿದ್ದರು. ಬಟ್ಟಲಿಗೆ ಕಾಳು ಹಾಕಿದರೆ ಕೊಳವೆಯಲ್ಲಿ ಇಳಿದು ಸಾಲಿಗೆ ಬೀಳುತ್ತದೆ. ಅರಸೀಕೆರೆಯವರಾಗಿ ಸಡ್ಡೆ ಗೊತ್ತಿಲ್ಲವಾ?

ಅರಸೀಕೆರೆ_ಪ್ಯಾಸೆಂಜರ್
ಮೇಷ್ಟ್ರ ಮಗಳು ಅಣ್ಣಾ, ಹೊಲ ನೋಡಿದ್ದೇ ರೈಲಿನ ಕಿಟಕಿಯಿಂದ 🙈

ಧಾರವಾಡ_ಪೇಡೆ
ನಿಮ್ಮ ಕಡೆ ಸಡ್ಡೆ ಹಿಡಿಯುವುದು ಹೆಂಗಸರೇ ಏನು? ಅದನ್ನೂ ಬರೆದುಕೊಳ್ಳಿ.

ನಿವೃತ್ತ_ಕಾವಲುಗಾರ
ಹಳೆ ಹೆಸರನ್ನು ಅಳಿಸಬೇಡಿ. ಒಂದು ಗೀಟು ಎಳೆದು, ಪಕ್ಕದಲ್ಲಿ ಹೊಸ ಹೆಸರು, ತಾರೀಖು, ನಿಮ್ಮ ಸಹಿ. ಯಾರು ಹೇಳಿದರು ಅನ್ನುವುದೂ ಇರಲಿ.

ಅರಸೀಕೆರೆ_ಪ್ಯಾಸೆಂಜರ್
ಬರೆದೆ ಸಾರ್. 'ಮಾಹಿತಿ: ಒಬ್ಬ ಬಡಗಿ, ಅವರ ಅಜ್ಜಿ ಬಳಸಿದ್ದು.' ಉಳಿ_ಬಾಚಿ ಅಣ್ಣಾ, ಅಜ್ಜಿ ಯಾವ ಊರು?

ಉಳಿ_ಬಾಚಿ
ತಿಪಟೂರು ಹತ್ತಿರ. ಇನ್ನೂ ಇದ್ದಾರೆ. ಫೋಟೋ ಕಳಿಸಿ, ಭಾನುವಾರ ತೋರಿಸಿ ಕೇಳುತ್ತೇನೆ.